ಆಸ್ಪತ್ರೆಯಲ್ಲಿರುವ ತಂದೆಯವರು ರಾತ್ರಿ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ (ಬಸವನಗುಡಿಯಿಂದ):
ಎಲ್ಲರಿಗೂ ನಮಸ್ಕಾರ. 81 ವರ್ಷದ ನಮ್ಮ ತಂದೆಯವರನ್ನು ಮೂತ್ರದ ಸೋಂಕು ಮತ್ತು ಜ್ವರದ ಕಾರಣ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೇವೆ. ಬೀಳುವ ಅಪಾಯವಿದೆಯೆಂದು ಕೈಗೆ ಹಳದಿ ಪಟ್ಟಿ ಕಟ್ಟಿ, ಮಂಚದ ಎರಡೂ ಬದಿಯ ರೇಲಿಂಗ್ ಏರಿಸಿದ್ದರೂ, ನಿನ್ನೆ ರಾತ್ರಿ ಅವರು ಅದರ ಮೇಲೆ ಕಾಲು ಹಾಕಿ ಇಳಿಯಲು ಹೊರಟಿದ್ದರು; ಪಕ್ಕದ ರೋಗಿಯ ಅಟೆಂಡರ್ ನೋಡಿ ಕೂಗಿದ್ದರಿಂದ ಅನಾಹುತ ತಪ್ಪಿತು. ಹಗಲಿನಲ್ಲಿ ಸ್ಪಷ್ಟವಾಗಿ ಮಾತನಾಡುವವರು ಕತ್ತಲಾದೊಡನೆ ತಾವು ಮನೆಯಲ್ಲೇ ಇದ್ದೇವೆಂದು ತಿಳಿಯುತ್ತಾರೆ. ಕೈಗಳನ್ನು ಮಂಚಕ್ಕೆ ಕಟ್ಟಿಸುವಂತೆ ಸಂಬಂಧಿಕರು ಹೇಳುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1 (ನಿವೃತ್ತ ವಾರ್ಡ್ ಸಿಸ್ಟರ್, ರಾಜಾಜಿನಗರ):
ದಯವಿಟ್ಟು ಕಟ್ಟಿಸಬೇಡಿ. ಕಟ್ಟಿದರೆ ಅವರು ಬಿಡಿಸಿಕೊಳ್ಳಲು ಹೆಣಗಿ ಇನ್ನಷ್ಟು ಗಾಬರಿಯಾಗುತ್ತಾರೆ. ರೇಲಿಂಗ್ ಕೂಡ ಗೊಂದಲದಲ್ಲಿರುವವರಿಗೆ ರಕ್ಷಣೆಯಲ್ಲ, ಏಕೆಂದರೆ ಅದನ್ನು ಹತ್ತಿ ಬಿದ್ದವರು ಬರಿಯ ಮಂಚಕ್ಕಿಂತ ಎತ್ತರದಿಂದ ಬೀಳುತ್ತಾರೆ. ಮಂಚವನ್ನೇ ಸಾಧ್ಯವಾದಷ್ಟು ತಗ್ಗಿಸಲು ಕೇಳಿ.

ನಾನು ವಾರ್ಡಿನಲ್ಲಿ ಕಂಡಂತೆ, ಹಿರಿಯರು ರಾತ್ರಿ ಏಳುವುದು ಬಹುಪಾಲು ಬಾತ್‌ರೂಮಿಗೆ ಹೋಗುವುದಕ್ಕಾಗಿ. ಮೂತ್ರದ ಸೋಂಕಿದ್ದರೆ ಆ ಅವಸರ ತಡೆಯಲಾಗದಂಥದ್ದು, ಸೊಸೆಯನ್ನೋ ಆಯಾಳನ್ನೋ ಕರೆಯಲು ಅವರಿಗೆ ಸಂಕೋಚ. ಆದ್ದರಿಂದ ಅವರು ತಾವಾಗಿ ಏಳುವವರೆಗೆ ಕಾಯದೆ, ಮಲಗುವ ಮುನ್ನ, ನಡುರಾತ್ರಿ ಮತ್ತು ಬೆಳಗಿನ ಜಾವ ನೀವೇ ಎಬ್ಬಿಸಿ ಕರೆದೊಯ್ಯಿರಿ, ಇಲ್ಲವೇ ಯೂರಿನ್ ಪಾಟ್ ಕೊಡಿ. ಏಳುವಾಗ ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿಲ್ಲವೆಂದು ಕೇಳಿ ತಿಳಿದ ನಂತರವೇ ನಿಲ್ಲಿಸಿ. ಡ್ರಿಪ್ ಸ್ಟ್ಯಾಂಡಿಗೆ ಚಕ್ರಗಳಿರುವುದರಿಂದ ಅದನ್ನು ಊರುಗೋಲಿನಂತೆ ಹಿಡಿಯಲು ಬಿಡಬೇಡಿ. ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ, ಜಾರದ ಅಡಿಯ ಚಪ್ಪಲಿ ತನ್ನಿ. ಬೆಳಗಿನ ಜಾವ ಫಿನಾಯಿಲ್ ಹಾಕಿ ನೆಲ ಒರೆಸುವ ಹೊತ್ತಿಗೇ ಹಿರಿಯರಿಗೂ ಎಚ್ಚರವಾಗುತ್ತದೆ. ನೆಲ ಒಣಗುವವರೆಗೆ ಪಕ್ಕದಲ್ಲೇ ಇರಿ. ಓಡಾಟ ತಪ್ಪಲಿ ಎಂದು ಕ್ಯಾಥೆಟರ್ (ಮೂತ್ರ ಹೊರಹೋಗಲು ಹಾಕುವ ಕೊಳವೆ) ಹಾಕಿಸುವುದು ಮಾತ್ರ ಬೇಡ, ಅದರಿಂದಲೇ ಸೋಂಕು ಹೆಚ್ಚಬಹುದು.

ಉತ್ತರ 2 (ವೈದ್ಯ, ಮಲ್ಲೇಶ್ವರಂ):
ಸಿಸ್ಟರ್ ಹೇಳಿದ್ದು ಸರಿ. ಕತ್ತಲಾದೊಡನೆ ಬರುವ ಆ ಗೊಂದಲವನ್ನು ವಯಸ್ಸಿನ ಸಹಜ ಮರೆವೆಂದು ಬಿಡಬೇಡಿ. ಅದು ಡೆಲಿರಿಯಂ, ಅಂದರೆ ಕಾಯಿಲೆಯಿಂದ ದಿಢೀರನೆ ಬರುವ ಬುದ್ಧಿಗೊಂದಲ ಇರಬಹುದು, ಇಂದೇ ವೈದ್ಯರಿಗೆ ತಿಳಿಸಿ. ಸೋಂಕಿನ ಜೊತೆಗೆ ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ಸೋಡಿಯಂ ಇಳಿಯುವುದು, ನೋವು ಇವೂ ಕಾರಣವಾಗುತ್ತವೆ. ನಿದ್ದೆ ಮಾತ್ರೆಯನ್ನು ನೀವಾಗಿ ಕೇಳಬೇಡಿ, ಈಗಾಗಲೇ ಕೊಡುತ್ತಿದ್ದರೆ ಅಗತ್ಯವೇ ಎಂದು ವಿಚಾರಿಸಿ. ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ ನೋಡಲು ಕೋರಿ: ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬಿಪಿಯ ಮಾತ್ರೆಗಳನ್ನು ಮರುಪರಿಶೀಲಿಸಬೇಕಾಗುತ್ತದೆ. ಕನ್ನಡಕ, ಕಿವಿಯ ಯಂತ್ರ ಮನೆಯಲ್ಲಿ ಉಳಿದಿದ್ದರೆ ತರಿಸಿಕೊಳ್ಳಿ.

ಹಳದಿ ಪಟ್ಟಿ ಎಚ್ಚರಿಕೆ ಮಾತ್ರ. ವೈದ್ಯಕೀಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2013ರ ಮಾರ್ಗಸೂಚಿಯು ಅಂಕ ಹಾಕಿ ಯಾರು ಬೀಳುವರೆಂದು ಊಹಿಸುವ ವಿಧಾನಗಳನ್ನು ಬಳಸಬೇಡಿ, 65 ದಾಟಿದ ಒಳರೋಗಿಗಳೆಲ್ಲರಿಗೂ ಅಪಾಯವಿದೆಯೆಂದೇ ಭಾವಿಸಿ ಎಂದು ಹೇಳಿತ್ತು. ಪ್ರತಿಯೊಬ್ಬರ ಕಾರಣಗಳನ್ನು ಹುಡುಕಿ ಸರಿಪಡಿಸುವುದೇ ನಿಜವಾದ ಕೆಲಸ ಎಂಬುದು ನನ್ನ ಅಭಿಪ್ರಾಯವೂ ಹೌದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೃದಯದ ತೊಂದರೆಗಾಗಿ ಅವರು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಇಷ್ಟಾದರೂ ಬಿದ್ದುಬಿಟ್ಟರೆ ಏನು ಮಾಡಬೇಕು?

ಉತ್ತರ 2:
ಕೂಡಲೇ ಎತ್ತಿ ನಿಲ್ಲಿಸಬೇಡಿ. ಇದ್ದಲ್ಲೇ ಬಿಟ್ಟು ಸಿಸ್ಟರ್ ಮತ್ತು ಡ್ಯೂಟಿ ಡಾಕ್ಟರನ್ನು ಕರೆಯಿರಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ತಲೆಗೆ ಪೆಟ್ಟು ಬಿದ್ದಿದ್ದರೆ, ಗಾಯ ಕಾಣದಿದ್ದರೂ, ಆ ಮಾತ್ರೆಯ ಹೆಸರನ್ನು ಮೊದಲು ಹೇಳಿ, ಏಕೆಂದರೆ ಸ್ಕ್ಯಾನ್ ಬೇಕೇ ಎಂಬ ನಿರ್ಧಾರ ಅದನ್ನೂ ಅವಲಂಬಿಸಿರುತ್ತದೆ.