ಕ್ರಷರ್‌ನಲ್ಲಿ ವೇ ಬ್ರಿಡ್ಜ್ ಕೆಲಸ: ಸೇರಲಾ, ಬೇಡವಾ?

ಚಿಂತಾಮಣಿ ಹುಡುಗ:
ಬಿ.ಕಾಂ. ಮುಗಿದಿದೆ (ಎರಡು ಸಬ್ಜೆಕ್ಟ್ ಬಾಕಿ, ಅದು ಬೇರೆ ಕಥೆ). ಚಿಕ್ಕಬಳ್ಳಾಪುರದ ಹತ್ರ ಒಂದು ಜಲ್ಲಿ ಕ್ರಷರ್‌ನ ವೇ ಬ್ರಿಡ್ಜ್‌ನಲ್ಲಿ (ಲಾರಿ ತೂಗೋ ಕಾಟಾ) ತೂಕದ ಸ್ಲಿಪ್ ಕೊಡೋ ಕೆಲಸ ಇದೆ ಅಂತ ಮಾವ ಹೇಳಿದ್ರು. ಗಾಡಿ ಹತ್ತಿದ್ರೆ ಕಂಪ್ಯೂಟರೇ ತೂಕ ತೋರಿಸುತ್ತಂತೆ, ನಾನು ಬಟನ್ ಒತ್ತಿದ್ರೆ ಸಾಕಂತೆ. ಅಷ್ಟಕ್ಕೆ ಡಿಗ್ರಿ ಯಾಕೆ ಬೇಕಿತ್ತು ಅಂತ ಅಮ್ಮನ ಗೊಣಗಾಟ. ಈ ಕೆಲಸ ಮಾಡಿದವರು ಯಾರಾದ್ರೂ ಇದೀರಾ?

ಹಳೇ ತೂಕದವನು:
ತಮ್ಮಾ, 19 ವರ್ಷ ಅಂಥದ್ದೇ ವೇ ಬ್ರಿಡ್ಜ್ ಗೂಡಲ್ಲಿ ಕೂತಿದ್ದೆ. ಖಾಲಿ ಗಾಡಿ ತೂಕ ಒಂದು, ಲೋಡ್ ಗಾಡಿ ತೂಕ ಒಂದು, ಕಳೆದ್ರೆ ಮಾಲು. ಲೆಕ್ಕ ಅಷ್ಟೇ. ಆದ್ರೆ ಖಾಲಿ ತೂಕಕ್ಕೆ ಡ್ರೈವರ್, ಕ್ಲೀನರ್ ಇಬ್ಬರೂ ಕ್ಯಾಬಿನ್‌ನಲ್ಲಿ ಕೂತಿರ್ತಾರೆ. ಲೋಡ್ ತೂಕಕ್ಕೆ ಬಂದಾಗ ಕ್ಲೀನರ್ ಟೀ ಅಂಗಡಿಲಿ, ಡ್ರೈವರ್ ಕೆಳಗಿಳಿದು ಬೀಡಿ ಹಚ್ಚಿರ್ತಾನೆ. ಅಲ್ಲಿಗೆ ಇಬ್ಬರ ತೂಕದಷ್ಟು, ನೂರ ಮೂವತ್ತು ಕೆಜಿ ಜಲ್ಲಿ ಪುಕ್ಕಟೆ! ಕೆಲವರು ಹಿಂದಿನ ಚಕ್ರ ಪ್ಲಾಟ್‌ಫಾರ್ಮ್ ಆಚೆ ಇಟ್ಟೇ ‘ಹೊಡೀರಿ ಸಾರ್’ ಅಂತಾರೆ. ಎದ್ದು ಹೋಗಿ ನೋಡಬೇಕು, ಕಿಟಕಿಯಿಂದ ಕಾಣಲ್ಲ. ಗಾಡಿ ಹತ್ತೋ ಮುಂಚೆ ಸೊನ್ನೆ ಇದೆಯಾ ನೋಡು. ಮಳೆಗಾಲದಲ್ಲಿ ಕೆಳಗೆ ಕೆಸರು ಕಟ್ಟಿಕೊಂಡ್ರೆ ತೂಕ ತಪ್ಪುತ್ತೆ.

ಇನ್ನೊಂದು. ಸ್ಲಿಪ್ ಕೆಟ್ಟರೆ ಹರಿದು ಬಿಸಾಡಬೇಡ. ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಅಂಟಿಸು. ಒಂದ್ಸಲ ನಮ್ಮ ಯಜಮಾನರೇ ಫೋನ್ ಮಾಡಿ ಒಂದು ಲೋಡು ‘ಸ್ವಲ್ಪ ಕಮ್ಮಿ ಬರಿ’ ಅಂದಿದ್ರು. ಮೊದಲ ಸ್ಲಿಪ್ ಅಂಟಿಸಿ, ಯಾರು ಹೇಳಿದ್ರು ಅಂತ ಪಕ್ಕದಲ್ಲಿ ಬರೆದಿದ್ದೆ. ಎಂಟು ತಿಂಗಳಾದ ಮೇಲೆ ಆಡಿಟ್‌ನವರು ಸ್ಲಿಪ್ ನಂಬರ್ ಎಣಿಸಿದಾಗ ನನ್ನ ಕೆಲಸ ಉಳಿಸಿದ್ದು ಆ ಗೋಂದು.

ಕಾನೂನು ಮಾಪನಶಾಸ್ತ್ರ ಇಲಾಖೆಯವರು (ತೂಕ, ಅಳತೆ ಸರಿ ಇದೆಯಾ ನೋಡೋ ಸರ್ಕಾರದವರು) ವರ್ಷಕ್ಕೊಮ್ಮೆ ವೇ ಬ್ರಿಡ್ಜ್ ಪರೀಕ್ಷಿಸಿ ಮುದ್ರೆ ಹಾಕಿರಬೇಕು. ಸರ್ಟಿಫಿಕೇಟ್ ಗೋಡೆ ಮೇಲೆ ಇದೆಯಾ ನೋಡ್ಕೊಂಡು ಬಾ.

ಮಂಡಿ ಅಕ್ಕ, ಕೋಲಾರ:
ನಾನು ಟೊಮೆಟೊ ಮಂಡಿಲಿ ಬರೀತೀನಿ. ನಮ್ಮಲ್ಲಿ 15 ಕೆಜಿ ಬಾಕ್ಸ್ ಲೆಕ್ಕ, ಎಣಿಕೆಯೇ ಎಲ್ಲಾ. ಒಂದು ಬಾಕ್ಸ್ ತಪ್ಪಿದ್ರೆ ಮರುದಿನ ಬೆಳಗ್ಗೆಯೇ ರೈತರು ಪಟ್ಟಿ ಹಿಡ್ಕೊಂಡು ಎದುರಿಗೆ! ನಿನಗೆ ಧೂಳಿನ ಕಾಟ ಜಾಸ್ತಿ. ಗೂಡಿಗೆ ಗಾಜು ಇದೆಯಾ, ರಾತ್ರಿ ಪಾಳಿ ಇದೆಯಾ ಕೇಳು. ಪಿಎಫ್ ಬಗ್ಗೆ ನಾಚಿಕೆ ಬಿಟ್ಟು ಕೇಳು.

ಚಿಂತಾಮಣಿ ಹುಡುಗ:
ನಿನ್ನೆ ಹೋಗಿದ್ದೆ ಅಣ್ಣಾ. ಗಾಜು ಇದೆ. ಸರ್ಟಿಫಿಕೇಟೂ ಇದೆ, ಆದ್ರೆ ಅವಧಿ ಹೋದ ವರ್ಷವೇ ಮುಗಿದಿದೆ.

ಹಳೇ ತೂಕದವನು:
ಸೇರೋ ಮುಂಚೆ ಅದನ್ನೇ ಕೇಳು. ಏನಂದ್ರು ಅಂತ ಇಲ್ಲಿ ಬರಿ.