ಮಾಡೆಲ್ ವಿಮಾನದ ಫ್ಯೂಸ್‌ಲಾಜ್ ತೂಕ ಜಾಸ್ತಿ, ಸೀಮ್ ಬಿರುಕು: ತಪ್ಪು ಎಲ್ಲಿ?

ಪ್ರಶ್ನೆ:
ಪೈಲಾನ್ ರೇಸಿಂಗ್ (ಕಂಬಗಳನ್ನು ಸುತ್ತುವ ಓಟ) ಮಾಡೆಲ್ ವಿಮಾನದ ಫ್ಯೂಸ್‌ಲಾಜ್ (ಒಡಲು), ಎರಡು ಹೋಳಿನ ಮೋಲ್ಡ್ (ಅಚ್ಚು), ಎಪಾಕ್ಸಿ ರೆಸಿನ್ (ಹಾರ್ಡನರ್ ಕಲಸಿದರೆ ಗಟ್ಟಿಯಾಗುವ ಅಂಟು). ಹೊರಪದರಕ್ಕೆ ಚದರ ಮೀಟರಿಗೆ 49 ಗ್ರಾಂನ ಗ್ಲಾಸ್ ಬಟ್ಟೆ, ಒಳಗೆ 163 ಗ್ರಾಂನದು ಎರಡು ಪದರ, ಮೂಗಿನಿಂದ ಬಾಲದವರೆಗೆ. ಮೇಲ್ಮೈ ಸುಮಾರು 0.3 ಚದರ ಮೀಟರ್. ತೂಕ 310 ಗ್ರಾಂ ಬಂದಿದೆ! ಮೂಗಿನ ಮೂಲೆಗಳಲ್ಲಿ ಪಿನ್‌ಹೋಲ್ (ಸೂಜಿಮೊನೆಯಷ್ಟು ತೂತು), ರೆಕ್ಕೆ ಕೂರುವ ಜಾಗದ ಹಿಂದೆ ಸೀಮ್ (ಎರಡು ಹೋಳು ಸೇರುವ ಗೆರೆ) ಬಿರಿದಿದೆ. ಹೋಳುಗಳು ಪೂರ್ತಿ ಗಟ್ಟಿಯಾದ ಮೇಲೆ ಒಳಗಿಂದ ಗ್ಲಾಸ್ ಟೇಪ್ ಹಾಕಿ ಜೋಡಿಸಿದ್ದು.

ಉತ್ತರ 1:
ಲೆಕ್ಕ ಹಾಕಿ ನೋಡಿ. ಮೂರೂ ಪದರ ಸೇರಿ ಚದರ ಮೀಟರಿಗೆ 375 ಗ್ರಾಂ. 375 × 0.3, ಅಂದರೆ ಬಟ್ಟೆ 112 ಗ್ರಾಂ. ಟೇಪನ್ನು ಬಿಟ್ಟರೂ ಉಳಿದ 198 ಗ್ರಾಂ ಬಹುತೇಕ ರೆಸಿನ್ನೇ. ಕೈಯಲ್ಲಿ ಹಚ್ಚಿದರೂ ಬಟ್ಟೆಯಷ್ಟೇ ತೂಕದ ರೆಸಿನ್ ಸಾಕು, ಆಗ 225 ಗ್ರಾಂ ಆಸುಪಾಸಿಗೆ ಬರುತ್ತೆ. ಬಟ್ಟೆ ಮೊದಲು ತೂಗಿ, ಅಷ್ಟೇ ರೆಸಿನ್ ಕಲಸಿ. ಬ್ರಷ್‌ಗೆ ಅಂಟುವ ಪಾಲು ಸ್ವಲ್ಪ ಸೇರಿಸಿ. ಮೋಲ್ಡ್‌ಗೆ ತೆಳುವಾಗಿ ಬಳಿದು ಮೇಲೆ ಬಟ್ಟೆ ಇಡಿ, ಕೆಳಗಿನಿಂದ ಅದೇ ಹೀರಿಕೊಳ್ಳಲಿ. ಕೊನೆಗೆ ಟಿಶ್ಯೂ ಪೇಪರ್ ಒತ್ತಿ ಎತ್ತಿದರೆ ಮಿಕ್ಕ ರೆಸಿನ್ ಅದರ ಜೊತೆ ಬರುತ್ತೆ.

ಬಾಲದವರೆಗೆ ಎರಡು ಪದರ ಯಾಕೆ? ಎರಡನೆಯದನ್ನು ರೆಕ್ಕೆಯಿಂದ 6-8 ಸೆ.ಮೀ. ಹಿಂದಕ್ಕೆ ನಿಲ್ಲಿಸಿ, ಅಂಚನ್ನು ಓರೆಯಾಗಿ ಕತ್ತರಿಸಿ. ನೇರವಾಗಿ ನಿಂತರೆ ಅದೇ ಗೆರೆಯಲ್ಲಿ ಮುರಿಯುತ್ತೆ. ಬಾಲದಲ್ಲಿ ಕೂತ ಪ್ರತಿ ಗ್ರಾಂಗೂ ಸಮತೋಲನಕ್ಕೆ ಮೂಗಿನಲ್ಲಿ ಅದರ ಕೆಲವು ಪಟ್ಟು ಸೀಸ ಹಾಕಬೇಕಾಗುತ್ತೆ, ಮರೀಬೇಡಿ.

ಉತ್ತರ 2:
ಪಿನ್‌ಹೋಲ್ ಬಗ್ಗೆ: ಚೂಪು ಮೂಲೆಯಲ್ಲಿ ಬಟ್ಟೆ ಸೆಟೆದು ನಿಲ್ಲುತ್ತೆ, ಅಡಿಯಲ್ಲಿ ಗಾಳಿ ಉಳಿಯುತ್ತೆ. ಬಟ್ಟೆ ಇಡುವ ಮುಂಚೆ ಮೂಲೆಗೆ ಮೈಕ್ರೋಬಲೂನ್ (ಟೊಳ್ಳು ಗುಂಡುಗಳ ಹಗುರ ಪುಡಿ) ಮತ್ತು ಸಿಲಿಕಾ ಪುಡಿ ಕಲಸಿದ ರೆಸಿನ್ ತುಂಬಿ, ಟೂತ್‌ಪೇಸ್ಟ್‌ನಷ್ಟು ಗಟ್ಟಿ ಇರಲಿ. ಎಂಜಿನ್ ಹಲಗೆ, ರೆಕ್ಕೆ ಬೋಲ್ಟ್ ಹತ್ತಿರ ಮಾತ್ರ ಮೈಕ್ರೋಬಲೂನ್ ಬೇಡ, ಒತ್ತಡಕ್ಕೆ ಪುಡಿಯಾಗುತ್ತೆ. ಅಲ್ಲಿಗೆ ಹತ್ತಿಯ ನಾರಿನ ಪುಡಿ. ತಿರುವುಗಳಲ್ಲಿ ಬಟ್ಟೆಯನ್ನು 45 ಡಿಗ್ರಿ ಓರೆಗೆ ಕತ್ತರಿಸಿದರೆ ಸುಕ್ಕಿಲ್ಲದೆ ಕೂರುತ್ತೆ.

ಉತ್ತರ 3:
ಬಿರುಕಿಗೆ ಕಾರಣ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಪೂರ್ತಿ ಗಟ್ಟಿಯಾದ ಹೊಳಪು ಮೈಗೆ ಟೇಪ್ ಸರಿಯಾಗಿ ಹಿಡಿಯಲ್ಲ. ತೇವದ ಹವೆಯಲ್ಲಿ ಹಾರ್ಡನರ್‌ನ ಮೇಣದಂಥ ಪೊರೆಯೂ ಮೇಲೆ ಬಂದಿರುತ್ತೆ. ಮೊದಲು ನೀರಿನಲ್ಲಿ ಒರೆಸಿ ತೊಳೆದು, ಆಮೇಲೆ 80 ನಂಬರ್ ಉಪ್ಪುಕಾಗದ. ತಿರುವುಮುರುವು ಮಾಡಿದರೆ ಪೊರೆಯನ್ನೇ ಒಳಗೆ ಉಜ್ಜಿದಂತೆ.

ಇದಕ್ಕಿಂತ ಹಸಿಯಾಗಿ ಜೋಡಿಸುವುದೇ ಮೇಲು. ಒಂದು ಹೋಳಿನ ಬಟ್ಟೆ ಫ್ಲೇಂಜ್ (ಮೋಲ್ಡ್‌ನ ಚಪ್ಪಟೆ ಅಂಚು) ಮಟ್ಟಕ್ಕೆ, ಇನ್ನೊಂದರದ್ದು 8-10 ಮಿ.ಮೀ. ಹೊರಗೆ ಚಾಚಿರಲಿ. ಮೋಲ್ಡ್ ಮುಚ್ಚಿ, ರೆಕ್ಕೆಯ ಕಿಂಡಿಯಿಂದ ಬಗ್ಗಿಸಿದ ಬ್ರಷ್ ತೂರಿಸಿ ಚಾಚಿದ ಅಂಚನ್ನು ಒತ್ತಿ ಕೂರಿಸಿ. ಬಾಲದೊಳಗೆ ಬ್ರಷ್ ಹೋಗಲ್ಲ. ಮುಚ್ಚುವ ಮೊದಲೇ ಸೀಮ್ ಉದ್ದಕ್ಕೂ ರೆಸಿನ್‌ನಲ್ಲಿ ಅದ್ದಿದ ಗ್ಲಾಸ್ ರೋವಿಂಗ್ (ನೇಯದ ನಾರಿನ ಎಳೆ) ಇಟ್ಟುಬಿಡಿ. ಕಾರ್ಬನ್ ನಾರು ಇಟ್ಟರೆ ಇನ್ನೂ ಬಿಗಿ, ಆದರೆ 2.4 ಗಿಗಾಹರ್ಟ್ಸ್ ರಿಮೋಟ್ ಸಿಗ್ನಲ್‌ಗೆ ಅಡ್ಡ, ರಿಸೀವರ್ ಆಂಟೆನಾದಿಂದ ದೂರವಿರಲಿ.

ಪ್ರಶ್ನೆ ಕೇಳಿದವರು:
ಹಸಿ ಜೋಡಣೆಗೆ ಹಾರ್ಡನರ್ ಕಡಿಮೆ ಹಾಕಿ ಸಮಯ ಎಳೆಯಬಹುದಾ?

ಉತ್ತರ 3:
ಬೇಡವೇ ಬೇಡ. ಪಾಲಿಯೆಸ್ಟರ್ ರೆಸಿನ್‌ನ ಹಾಗಲ್ಲ ಇದು. ಅನುಪಾತ ತಪ್ಪಿದರೆ ಎಪಾಕ್ಸಿ ಮೆತ್ತಗೇ ಉಳಿಯುತ್ತೆ. ನಿಧಾನದ ಹಾರ್ಡನರ್ ಕೊಳ್ಳಿ, ಕಲಸಿದ್ದನ್ನು ಕಪ್ಪಿನಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿಯಿರಿ. ಕಪ್ಪಿನಲ್ಲಿ ತನ್ನದೇ ಬಿಸಿಗೆ ಬೇಗ ಗಟ್ಟಿಯಾಗುತ್ತೆ.