ಕಾದಂಬರಿ, ಸಿನಿಮಾ, ನಾಟಕ: ಎಂ.ಎ. ಕಿರುಪ್ರಬಂಧದ ಪ್ರಶ್ನೋತ್ತರ

ಪ್ರಶ್ನೆ (ಚಳ್ಳಕೆರೆಯಿಂದ): ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಕನ್ನಡ ಎಂ.ಎ. ಮೂರನೇ ಸೆಮಿಸ್ಟರ್ ಓದ್ತಿದ್ದೇನೆ. ಮುಂದಿನ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ತ.ರಾ.ಸು. ಅವರ ‘ನಾಗರಹಾವು’ ಕಾದಂಬರಿ ಮತ್ತು ಸಿನಿಮಾ ತಗೊಂಡಿದ್ದೇನೆ. ಎರಡಕ್ಕೂ ಇರುವ ವ್ಯತ್ಯಾಸ ಪಟ್ಟಿ ಮಾಡಿದೆ, 32 ಸಿಕ್ಕಿವೆ. ಇಷ್ಟು ಸಾಕಾ? ಮನೆಯಲ್ಲಿ ಅಪ್ಪ ಬೇರೆ ‘ಸಿನಿಮಾ ನೋಡೋಕೆ ಎಂ.ಎ. ಬೇಕಾ’ ಅಂತ ಕೇಳ್ತಾರೆ.

ಉತ್ತರ: ಅಪ್ಪನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನನ್ನದೊಂದು ಪ್ರಶ್ನೆ. ಯಾವ ಕಾದಂಬರಿ ಓದಿದಿರಿ? 1972ರಲ್ಲಿ ಪುಟ್ಟಣ್ಣ ಕಣಗಾಲ್ ಆ ಸಿನಿಮಾ ಮಾಡಿದ್ದು ಒಂದು ಪುಸ್ತಕದಿಂದಲ್ಲ, ಮೂರರಿಂದ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ನೀವು ಒಂದನ್ನೇ ಓದಿದ್ದರೆ, ‘ಇದು ಕಾದಂಬರಿಯಲ್ಲಿಲ್ಲ, ನಿರ್ದೇಶಕರೇ ಸೇರಿಸಿದ್ದು’ ಅಂತ ಬರೆದುಕೊಂಡಿದ್ದು ಉಳಿದೆರಡರಲ್ಲಿ ಇದ್ದುಬಿಡಬಹುದು. ಮೊದಲು ಆ ಎರಡು ಪುಸ್ತಕ ಹುಡುಕಿ ಓದಿ.

ಪಟ್ಟಿಯ ವಿಷಯ. ನಾನೂ ವಿದ್ಯಾರ್ಥಿಯಾಗಿದ್ದಾಗ ಇದನ್ನೇ ಮಾಡಿದ್ದೆ. ಉದ್ದುದ್ದ ಗೆರೆ ಎಳೆದು ಎಡಗಡೆ ಕಾದಂಬರಿ, ಬಲಗಡೆ ಸಿನಿಮಾ. ಹನ್ನೊಂದು ಪುಟ. ನಮ್ಮ ಗೈಡ್ ಕೊನೆಯ ಪುಟದ ಕೆಳಗೆ ಕೆಂಪು ಪೆನ್ನಲ್ಲಿ ಒಂದೇ ಪದ ಬರೆದು ಕೊಟ್ಟರು: ‘ಆಮೇಲೆ?’ ಆ ದಿನ ಅಳು ಬಂತು. ಆದರೆ ಅವರು ಕೇಳಿದ್ದು ಸರಿಯಾಗೇ ಇತ್ತು. ವ್ಯತ್ಯಾಸ ಇದ್ದೇ ಇರುತ್ತದೆ, ಅದನ್ನು ಹೇಳೋಕೆ ನೀವು ಬೇಕಿಲ್ಲ. ಪುಸ್ತಕ ಪದದಲ್ಲಿ ಮಾಡಿದ ಕೆಲಸವನ್ನು ಸಿನಿಮಾ ಯಾವುದರಿಂದ ಮಾಡಿತು, ಮಾಡೋಕೆ ಹೋಗಿ ಏನು ಬಿಟ್ಟಿತು, ಏನು ಹೊಸದಾಗಿ ಹುಟ್ಟಿತು, ಅದು ಬೇಕು.

32ನ್ನೂ ಬಿಡಿ. ಒಂದೇ ದೃಶ್ಯ ಹಿಡಿಯಿರಿ. ಕಥಾನಾಯಕ ರಾಮಾಚಾರಿ ಮತ್ತು ಅವನ ಗುರು ಚಾಮಯ್ಯ ಮೇಷ್ಟ್ರು ಎದುರುಬದುರಾಗುವ ಯಾವುದಾದರೂ ನಾಲ್ಕು ನಿಮಿಷ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಎಷ್ಟನೇ ಸೆಕೆಂಡು, ಏನು ಕಾಣುತ್ತದೆ, ಏನು ಕೇಳಿಸುತ್ತದೆ. ನಿಲ್ಲಿಸಿ, ಬರೆದು, ಹಿಂದೆ ಎಳೆದು, ಮತ್ತೆ ನೋಡಿ. ನಾಲ್ಕು ನಿಮಿಷಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಬೇಜಾರಾಗುತ್ತದೆ. ಮೇಷ್ಟ್ರ ಮುಖ ಎಷ್ಟು ಹೊತ್ತು ತೋರಿಸಿದರು, ಮಾತು ನಿಂತಾಗ ಸಂಗೀತ ಬಂತಾ ಸುಮ್ನೆ ಬಿಟ್ಟರಾ, ಇದೆಲ್ಲ ಆಗಲೇ ಕಣ್ಣಿಗೆ ಬೀಳೋದು. ಕಾದಂಬರಿಕಾರ ‘ಅವನ ಮನಸ್ಸಿನಲ್ಲಿ ಹೀಗಾಯಿತು’ ಅಂತ ಒಂದು ಪ್ಯಾರಾ ಬರೆದುಬಿಡಬಹುದು. ಕ್ಯಾಮೆರಾಕ್ಕೆ ಮನಸ್ಸಿನ ಒಳಗೆ ಹೋಗಲು ಬಾಗಿಲಿಲ್ಲ. ಅದು ಮುಖಕ್ಕೋ ಬಂಡೆಗೋ ಮೊರೆ ಹೋಗಬೇಕು. ಆ ಸಿನಿಮಾದಲ್ಲಿ ಚಿತ್ರದುರ್ಗದ ಕೋಟೆಯ ಬಂಡೆಗಳು ಎಷ್ಟು ಕೆಲಸ ಮಾಡಿವೆ ನೋಡಿ.

ಇನ್ನೊಂದು. ತ.ರಾ.ಸು.ಗೆ ಸಿನಿಮಾ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ಅವರು ಅಂದ ಮಾತು ಎಲ್ಲರ ಬಾಯಲ್ಲೂ ಇದೆ. ಅದನ್ನು ಕೊನೆಯ ತೀರ್ಪು ಅಂತ ಇಟ್ಟು ಪ್ರಬಂಧ ಮುಗಿಸಬೇಡಿ. ಬರೆದವರೂ ಒಬ್ಬ ಪ್ರೇಕ್ಷಕರೇ, ಅಲ್ವಾ?

ಅಪ್ಪನಿಗೆ ಹೀಗೆ ಹೇಳಿ: ಸಿನಿಮಾ ನೋಡೋಕೆ ಎಂ.ಎ. ಬೇಡ, ನಾಲ್ಕು ನಿಮಿಷವನ್ನು ನಲವತ್ತು ಸಲ ನೋಡೋಕೆ ಬೇಕು.

ಪ್ರಶ್ನೆ (ಹರಿಹರದಿಂದ): ಮೇಡಂ, ನಾನು ತ.ರಾ.ಸು. ಅವರದೇ ‘ಹಂಸಗೀತೆ’ ಕಾದಂಬರಿ ಮತ್ತು ಸಿನಿಮಾ ಮಾಡಬೇಕು ಅಂತಿದ್ದೆ. ಆದರೆ ಸಂಗೀತದ ಗಂಧಗಾಳಿ ಇಲ್ಲ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ! ನನ್ನ ಪ್ರಕಾರ ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲ್ಲ. ಸಂಗೀತಗಾರನ ಕತೆ ಅದು. ಕಾದಂಬರಿಯಲ್ಲಿ ‘ಭೈರವಿ ಹಾಡಿದ, ಸಭೆ ಮೈಮರೆಯಿತು’ ಅನ್ನೋ ಥರ ಬರೆದರೆ ಸಾಕು, ಓದುಗ ತನಗೆ ಬೇಕಾದಂಥ ಭೈರವಿ ಕಲ್ಪಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಹಾಗೆ ತಪ್ಪಿಸಿಕೊಳ್ಳೋಕಾಗಲ್ಲ. ಹಾಡಲೇಬೇಕು, ಅದೂ ಸಭೆ ಮೈಮರೆಯುವ ಹಾಗೆ. 1975ರಲ್ಲಿ ಜಿ.ವಿ. ಅಯ್ಯರ್ ಸಿನಿಮಾ ಮಾಡಿದಾಗ ಬಾಲಮುರಳಿಕೃಷ್ಣ ಹಾಡಿದರು, ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಇನ್ನೂ ಮಜಾ ಇದೆ. ಇದೇ ಕಾದಂಬರಿಯಿಂದ 1956ರಲ್ಲೇ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತ್ತು. ಕರ್ನಾಟಕ ಸಂಗೀತದ ಕತೆ ಅಲ್ಲಿ ಹಿಂದೂಸ್ತಾನಿ ಆಯಿತು. ಭೀಮಸೇನ ಜೋಶಿ ಮತ್ತು ಮನ್ನಾ ಡೇ ಜೊತೆಗೂಡಿ ಹಾಡಿದ ಬಸಂತ್ ರಾಗದ ಹಾಡು ಅದರಲ್ಲೇ ಇರೋದು. ಪುಸ್ತಕ ಒಂದು, ಸಂಗೀತ ಪದ್ಧತಿ ಎರಡು. ರಾಗ ಬದಲಾದರೆ ಪಾತ್ರ ಬದಲಾಗುತ್ತದಾ? ಇಷ್ಟೇ ಪ್ರಶ್ನೆ ಇಟ್ಟುಕೊಳ್ಳಿ. ಹತ್ತಿರದ ಸಂಗೀತ ಮೇಷ್ಟ್ರ ಹತ್ತಿರ ಎರಡು ಸಂಜೆ ಕೂತು ಎರಡೂ ಸಿನಿಮಾದ ಹಾಡು ಕೇಳಿ. ಗೊತ್ತಿಲ್ಲದವರು ಕೇಳುವ ಪ್ರಶ್ನೆ ಕೆಲವು ಸಲ ಜಾಸ್ತಿ ಚೆನ್ನಾಗಿರುತ್ತವೆ.

ಪ್ರಶ್ನೆ (ಚಿತ್ರದುರ್ಗದಿಂದ): ಪ್ರಬಂಧದ ಜೊತೆ ತ.ರಾ.ಸು. ಅವರ ಒಂದು ಭಾಗವನ್ನು ಕಿರುಚಿತ್ರ ಮಾಡಿ ಯೂಟ್ಯೂಬಿಗೆ ಹಾಕಬಹುದಾ?

ಉತ್ತರ: ಕೇಳದೆ ಹಾಕಬೇಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ತ.ರಾ.ಸು. ತೀರಿಕೊಂಡಿದ್ದು 1984ರಲ್ಲಿ. ಲೆಕ್ಕ ಹಾಕಿ, 2044 ಮುಗಿಯಬೇಕು. ಪ್ರಬಂಧದಲ್ಲಿ ಸಾಲು ಎತ್ತಿ ಚರ್ಚೆ ಮಾಡೋದು ಬೇರೆ, ಅದಕ್ಕೆ ಅಡ್ಡಿಯಿಲ್ಲ. ಕಿರುಚಿತ್ರಕ್ಕೆ ಹಕ್ಕುದಾರರಿಂದ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಅಥವಾ ಅಜ್ಜಿ ಹೇಳಿದ ಜನಪದ ಕತೆ ತಗೊಳ್ಳಿ, ತಲೆನೋವಿಲ್ಲ.

ಪ್ರಶ್ನೆ (ಹೊಸದುರ್ಗದಿಂದ): ನಾಟಕ ತಗೊಂಡ್ರೆ ನಡೆಯುತ್ತಾ? ಸಾಣೇಹಳ್ಳಿ ನಮಗೆ ಹತ್ತಿರ.

ಉತ್ತರ: ಧಾರಾಳವಾಗಿ. ಅಲ್ಲಿನ ಶಿವಸಂಚಾರ ತಂಡ ನಾಟಕ ಹೊತ್ತು ಊರೂರು ತಿರುಗುತ್ತದೆ, ನಿಮಗೆ ಅದೇ ವರ. ಸಿನಿಮಾ ನಿಲ್ಲಿಸಿ ನೋಡಬಹುದು, ನಾಟಕ ಆಗಲ್ಲ. ಅದಕ್ಕೇ ಒಂದೇ ನಾಟಕವನ್ನು ಎರಡು ಊರಲ್ಲಿ ನೋಡಿ. ಸಾಣೇಹಳ್ಳಿಯ ರಂಗಮಂದಿರದಲ್ಲಿ ಒಂದು ಸಲ, ಯಾವುದಾದರೂ ಹಳ್ಳಿಯ ಶಾಲೆ ಮೈದಾನದಲ್ಲಿ ಇನ್ನೊಂದು ಸಲ. ಜನ ಎಲ್ಲಿ ನಕ್ಕರು, ನಟರು ಎಲ್ಲಿ ಮಾತು ಎಳೆದರು, ಅಂದೇ ರಾತ್ರಿ ಬರೆದಿಡಿ. ಬೆಳಗ್ಗೆ ಅಂದ್ರೆ ಮರೆತಿರುತ್ತೀರಿ.

ಪ್ರಶ್ನೆ (ದಾವಣಗೆರೆಯಿಂದ): ಇದನ್ನೆಲ್ಲ ಓದಿ ಕೆಲಸ ಸಿಗುತ್ತಾ ಮೇಡಂ?

ಉತ್ತರ: ಈ ವಿಷಯ ಓದಿದ್ದಕ್ಕೇ ಅಂತ ಯಾರೂ ಕೆಲಸ ಕೊಡಲ್ಲ. ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದ್ರೆ ಎಂ.ಎ.ಯಲ್ಲಿ 55 ಪರ್ಸೆಂಟ್ (ಮೀಸಲಾತಿ ಇದ್ದರೆ 50), ಜೊತೆಗೆ ನೆಟ್ ಅಥವಾ ಕೆ-ಸೆಟ್ (ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳು) ಪಾಸಾಗಿ. ಚಿತ್ರಕತೆ ಬರೆಯೋರು, ಆಡಿಯೋ ಪುಸ್ತಕ ಮಾಡೋರು ಇದ್ದಾರೆ. ಅಲ್ಲಿ ಸರ್ಟಿಫಿಕೇಟ್ ಕೇಳಲ್ಲ, ಬರೆದಿದ್ದು ತೋರಿಸು ಅಂತಾರೆ.

ಪ್ರಶ್ನೆ (ಚಳ್ಳಕೆರೆಯವರೇ, ಮತ್ತೆ): ಉಳಿದೆರಡು ಪುಸ್ತಕ ಲೈಬ್ರರಿಯಲ್ಲಿ ಸಿಕ್ಕವು ಮೇಡಂ. ಪಟ್ಟಿಯಲ್ಲಿ 9 ಹೊಡೆದುಹಾಕಿದೆ. ಭಾನುವಾರ ಕೋಟೆಗೆ ಹೋಗಿ ದೃಶ್ಯ ಎಲ್ಲಿ ತೆಗೆದಿದ್ದಾರೆ ನೋಡೋಣ ಅಂತಿದ್ದೇನೆ. ಹೋಗೋದರಿಂದ ಉಪಯೋಗ ಇದೆಯಾ?

ಉತ್ತರ: ಇದೆ. ದೃಶ್ಯವನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಹೋಗಿ, ಮೇಲೆ ಸಿಗ್ನಲ್ ನಂಬಬೇಡಿ. ಕ್ಯಾಮೆರಾ ಎಲ್ಲಿ ಇಟ್ಟಿದ್ದರು ಅನ್ನೋ ಜಾಗ ಹುಡುಕಿ ಅಲ್ಲೇ ನಿಲ್ಲಿ, ಆಮೇಲೆ ತಿರುಗಿ ಹಿಂದೆ ನೋಡಿ. ಅವರು ತೋರಿಸದೇ ಬಿಟ್ಟಿದ್ದು ಅಲ್ಲಿರುತ್ತದೆ. ಹಾಗೇ ಒನಕೆ ಕಿಂಡಿ ಹತ್ತಿರ ಹತ್ತು ನಿಮಿಷ ಕೂತ್ಕೊಳ್ಳಿ. ಬಂದವರು ಸಿನಿಮಾದ ಓಬವ್ವನ ಹಾಡು ಗುನುಗೋದು ಕೇಳಿಸಿದರೆ ಅದನ್ನೂ ಬರೆದುಕೊಳ್ಳಿ. ಬೇಗ ಹೊರಡಿ. ಹನ್ನೊಂದು ಗಂಟೆ ಮೇಲೆ ಬಂಡೆ ಕಾದು ಕೂರೋಕಾಗಲ್ಲ.